ಒಂದನೇ ಕ್ಲಾಸಿನ ಮಗಳು ಅ ಆ ಇ ಈ ಬಿಟ್ಟು ರ ಗ ಸ ದ ಕಲಿತು ಬರುತ್ತಿದ್ದಾಳೆ, ಇದು ಸರಿನಾ?

ಶರಾವತಿ ಹಿನ್ನೀರು:

ಎಲ್ಲರಿಗೂ ನಮಸ್ಕಾರ. ನಾವು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವರು. ಮಗಳನ್ನು ಈ ವರ್ಷ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೇ ಹಾಕಿದ್ದೇವೆ. ಪುಟ್ಟ ಶಾಲೆ, ಒಂದರಿಂದ ಐದರವರೆಗೆ ಇಬ್ಬರೇ ಟೀಚರ್. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಅದಕ್ಕೆ ನಲಿಕಲಿ ಅನ್ನುತ್ತಾರೆ. ಮಗಳು ಖುಷಿಯಾಗಿ ಹೋಗುತ್ತಾಳೆ, ಅದರಲ್ಲಿ ಎರಡು ಮಾತಿಲ್ಲ. ರಜೆ ಅಂದರೆ ಮುಖ ಸಣ್ಣ ಮಾಡುತ್ತಾಳೆ.

ನನ್ನ ಚಿಂತೆ ಬೇರೆ. ದಸರಾ ರಜೆ ಮುಗಿದರೂ ಇವಳಿಗೆ ಅ ಆ ಇ ಈ ಸರಿಯಾಗಿ ಬರೆಯಲು ಬರುವುದಿಲ್ಲ. ಬದಲಿಗೆ ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ ಅಂತ ಕಲಿತಿದ್ದಾಳೆ. ಸ್ಲೇಟಿನ ತುಂಬ ‘ಗರಗಸ’, ‘ಅಗಸ’, ‘ಬಸವ’ ಅಂತ ಬರೆದು ತೋರಿಸುತ್ತಾಳೆ. ‘ಆನೆ’ ಬರಿ ಅಂದರೆ ಕಣ್ಣು ಕಣ್ಣು ಬಿಡುತ್ತಾಳೆ. ನಮ್ಮತ್ತೆಗೆ ಇದು ಸ್ವಲ್ಪವೂ ಸರಿ ಕಾಣುತ್ತಿಲ್ಲ. ಓದು ಅಂದರೆ ಅ ಆ ಇಂದ ಶುರು ಆಗಬೇಕು, ಇದೇನು ನಡುವಿನಿಂದ ಹೆಕ್ಕಿ ಹೆಕ್ಕಿ ಕಲಿಸೋದು ಅಂತ ದಿನಾ ಗೊಣಗುತ್ತಾರೆ. ಪಕ್ಕದ ಮನೆ ಹುಡುಗ ವ್ಯಾನಿನಲ್ಲಿ ಪೇಟೆ ಶಾಲೆಗೆ ಹೋಗುತ್ತಾನೆ. ಅವನು ನೂರರವರೆಗೆ ಒಂದೇ ಉಸಿರಿಗೆ ಹೇಳುತ್ತಾನೆ, ಎಬಿಸಿಡಿ ಬರೆಯುತ್ತಾನೆ. ಅದನ್ನು ನೋಡಿದಾಗ ನನಗೂ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಶಾಲೆಗೆ ಹೋಗಿ ನೋಡಿದೆ. ಟೀಚರ್ ಒಂದು ಗುಂಪಿನ ಜೊತೆ ಮಾತ್ರ ಕೂತಿದ್ದರು. ಉಳಿದ ಮಕ್ಕಳು ತಾವೇ ಕಾರ್ಡ್ ಎತ್ತಿಕೊಂಡು ಬಂದು ನೆಲದ ಮೇಲೆ, ಗೋಡೆ ಪಕ್ಕ, ಎಲ್ಲೆಂದರಲ್ಲಿ ಏನೋ ಮಾಡುತ್ತಿದ್ದರು. ಗಲಾಟೆ ಅಂದರೆ ಗಲಾಟೆ. ಹೋಂವರ್ಕ್ ಕೂಡ ಇಲ್ಲ. ಇದು ಪಾಠವಾ, ಸುಮ್ನೆ ಹೊತ್ತು ಕಳೆಯೋದಾ? ನಾನೇ ಸಂಜೆ ಕೂರಿಸಿ ಅ ಆ ಇಂದ ತಿದ್ದಿಸಲಾ? ಗೊತ್ತಿರುವವರು ಹೇಳಿ.

ಬಳಪ:

ಮೇಡಂ, ನಾನು ನಲಿಕಲಿ ತರಗತಿ ನಡೆಸುವವಳು, ಮೈಸೂರು ಜಿಲ್ಲೆ. ಪ್ರತಿ ವರ್ಷ ಯಾರಾದರೂ ಒಬ್ಬ ಅಪ್ಪನೋ ಅಮ್ಮನೋ ಬಂದು ಇದನ್ನೇ ಕೇಳುತ್ತಾರೆ.

ಅತ್ತೆಯವರಿಗೆ ಒಂದು ಆಟ ಕೊಡಿ. ಅ ದಿಂದ ಔ ವರೆಗಿನ ಅಕ್ಷರ ಮಾತ್ರ ಇಟ್ಟುಕೊಂಡು ಪದ ಬರೆಯಲು ಹೇಳಿ. ಆ, ಈ, ಏ, ಓ ಅಂತ ಯಾರನ್ನಾದರೂ ಕೂಗಬಹುದು, ಅಷ್ಟೇ. ಕನ್ನಡದಲ್ಲಿ ಸ್ವರ ಪದದ ಶುರುವಿನಲ್ಲಿ ಬಿಟ್ಟರೆ ಬಿಡಿ ಅಕ್ಷರವಾಗಿ ಬರುವುದೇ ಅಪರೂಪ, ಉಳಿದ ಕಡೆಯೆಲ್ಲ ವ್ಯಂಜನದ ಜೊತೆ ಸೇರಿ ಗುಣಿತ ಆಗಿಬಿಡುತ್ತದೆ. ಹಳೇ ಕ್ರಮದಲ್ಲಿ ಮಗು ಋ ತಿದ್ದಿ, ಙ ಞ ತಿದ್ದಿ, ಕೊನೆಗೆ ‘ಮರ’ ಅಂತ ಓದುವ ಹೊತ್ತಿಗೆ ಓದಿನ ಮೇಲಿನ ಆಸೆಯೇ ಹೋಗಿರುತ್ತದೆ. ರ ಗ ಸ ದ ಅ ಐದೇ ಅಕ್ಷರ. ಅದರಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಬಂತು. ಜ ವ ಮ ಬ ನ ಸೇರಿದರೆ ಮರ, ಜನ, ವನ, ನಗರ. ಹತ್ತು ಅಕ್ಷರ ಮುಗಿಯುವುದರೊಳಗೆ ಮಗು ಓದುತ್ತಿರುತ್ತದೆ, ಅದೂ ತನಗೆ ಗೊತ್ತಿರುವ ಪದಗಳನ್ನು. ನನಗೆ ಓದಕ್ಕೆ ಬಂತು ಅಂತ ಅದಕ್ಕೇ ಅನಿಸುತ್ತದಲ್ಲ, ಆಮೇಲೆ ನೀವು ಹಿಡಿದು ನಿಲ್ಲಿಸಿದರೂ ನಿಲ್ಲುವುದಿಲ್ಲ.

ಕೈಗೂ ಸುಲಭ. ರ ಬಂದವರು ಕೆಳಗೆ ಮುಚ್ಚದೆ ಬಿಟ್ಟರೆ ಗ ಆಯಿತು. ವ ಬಂದವರು ಪಕ್ಕದಲ್ಲಿ ಒಂದು ಕೊಂಬು ಎಳೆದರೆ ಮ. ಇಲ್ಲಿ ಒಂದು ತಾಪತ್ರಯವೂ ಇದೆ ಬಿಡಿ. ಮುಂದೆ ಕಾಗುಣಿತಕ್ಕೆ ಬಂದಾಗ ಮ ಯಾವುದು, ವು ಯಾವುದು ಅಂತ ಮಕ್ಕಳು ಒದ್ದಾಡುತ್ತಾರೆ, ನಾವೂ ಅವರ ಜೊತೆ ತಿಣುಕುತ್ತೇವೆ. ‘ಆನೆ’ಗೆ ನೆ ಬೇಕು, ಗುಣಿತ ಬಂದಾಗ ಅದೂ ಬರುತ್ತದೆ. ಒಂದನೇ ಕ್ಲಾಸಿನ ಮೊದಲ ತಿಂಗಳುಗಳು ವಿದ್ಯಾಪ್ರವೇಶ ಅಂತ ಬರೀ ಆಟ, ಹಾಡು, ಕತೆಯಲ್ಲೇ ಹೋಗುತ್ತವೆ. ಅಕ್ಷರ ಶುರುವಾಗುವುದೇ ಆಮೇಲೆ. ಹಾಗಾಗಿ ಈಗ ಜ ವ ಮ ಬ ನ ಮುಗಿಸಿದ್ದಾಳೆ ಅಂದರೆ ಏನೂ ಹಿಂದೆ ಬಿದ್ದಿಲ್ಲ.

ಇನ್ನು ಗಲಾಟೆ. ಅಲ್ಲಿ ಐದು ತಂಡ ಇರುತ್ತವೆ, ನಾವು ತಟ್ಟೆ ಅನ್ನುತ್ತೇವೆ. ಹೊಸದು ಕಲಿಯುವ ಮಕ್ಕಳು ಶಿಕ್ಷಕರ ಜೊತೆ. ಅರ್ಧ ಗೊತ್ತಿರುವವರಿಗೆ ಶಿಕ್ಷಕರು ಆಗಾಗ ಬಂದು ಕೈ ಕೊಡುತ್ತಾರೆ. ಮತ್ತೆರಡು ತಂಡ ಗೆಳೆಯರ ನೆರವಿನಲ್ಲಿ, ಕೊನೆಯದು ಸ್ವಕಲಿಕೆ. ಗೋಡೆ ಮೇಲೆ ಕಲಿಕಾ ಏಣಿ ಇರುತ್ತದೆ, ಅದರಲ್ಲಿ ಮೆಟ್ಟಿಲು ಮೆಟ್ಟಿಲಿಗೂ ಚಿತ್ರ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ನೋಡಿಕೊಂಡು ಅದೇ ಚಿತ್ರದ ಕಾರ್ಡ್ ಹುಡುಕಿ ತಂದು ಕೂರುತ್ತದೆ. ಹೊಸಬರಿಗೆ ಅದು ಗಲಾಟೆ ಥರ ಕಾಣುತ್ತದೆ. ಸದ್ದು ಪೂರ್ತಿ ನಿಂತುಬಿಟ್ಟರೆ ನನಗಂತೂ ಅನುಮಾನ ಬರುತ್ತದೆ, ಯಾರೋ ಏನೋ ಒಡೆದುಹಾಕಿದ್ದಾರೆ ಅಂತ.

ಬಿಸಿಲೂರು:

ಟೀಚರ್ ಮೇಡಂ ಹೇಳಿದ್ದೆಲ್ಲ ಖರೇನೇ ರೀ, ಆದರೆ ಇನ್ನೊಂದು ಬದಿಯನ್ನೂ ಹೇಳಬೇಕಲ್ಲ. ನಾನು ರಾಯಚೂರು ಕಡೆಯವನು, ನನ್ನ ಮಗ ನಲಿಕಲಿ ಮುಗಿಸಿ ಈಗ ನಾಲ್ಕನೇ ತರಗತಿ. ಅವನ ಸಾಲಿಯಲ್ಲಿ ಕಾರ್ಡ್ ಅರ್ಧಕ್ಕರ್ಧ ಹರಿದಿದ್ದವು. ಇರುವುದು ಒಬ್ಬರೇ ಮೇಡಂ. ಬೆಳಗ್ಗೆ ಹಾಲು ಕೊಡಿಸಬೇಕು, ಮಧ್ಯಾಹ್ನ ಬಿಸಿಯೂಟ, ಯಾರಿಗೆ ಮೊಟ್ಟೆ ಯಾರಿಗೆ ಬಾಳೆಹಣ್ಣು ಅಂತ ಲೆಕ್ಕ ಬರೆಯಬೇಕು, ಅದರ ಮೇಲೆ ಮೊಬೈಲಿನಲ್ಲಿ ಮಾಹಿತಿ ತುಂಬೋದು, ಚುನಾವಣೆ ಬಂದರೆ ಆ ಕೆಲಸ ಬೇರೆ. ಸ್ವಕಲಿಕೆ ತಟ್ಟೆಯ ಹುಡುಗರು ತಾವೇ ಕಲಿಯುತ್ತಿದ್ದರೋ, ಕಿಟಕಿ ಹೊರಗೆ ಆಡು ಎಣಿಸುತ್ತಿದ್ದರೋ, ನೋಡುವವರು ಯಾರು?

ನಾಲ್ಕನೇ ತರಗತಿಗೆ ಬರುತ್ತಲೇ ಏಣಿ ಇಲ್ಲ, ಕಾರ್ಡ್ ಇಲ್ಲ. ಎಲ್ಲರೂ ಇಂಥ ಪುಟ ತೆಗೀರಿ ಅಂತ ಪಾಠ ಶುರು. ಮಗ ಕಂಗಾಲಾದ. ಒತ್ತಕ್ಷರ ಇರುವ ಉದ್ದ ಸಾಲು ಬಂದರೆ ಅಲ್ಲೇ ನಿಂತುಬಿಡುತ್ತಿದ್ದ. ಮನೆಯಲ್ಲಿ ದಿನಾ ರಾತ್ರಿ ಪೇಪರ್ ಹೆಡ್ಡಿಂಗ್ ಓದಿಸಿ ಓದಿಸಿ ಈಗ ಸರಿ ಹೋಗಿದ್ದಾನೆ. ಹಾಗಾಗಿ ಅಕ್ಕಾ, ರ ಗ ಸ ದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಆದರೆ ಮೂರನೇ ತರಗತಿ ಮುಗಿಯುವುದರೊಳಗೆ ಕಾಗುಣಿತ, ಒತ್ತಕ್ಷರ ಗಟ್ಟಿ ಆಗಿದೆಯಾ ಅಂತ ನೀವೇ ನೋಡಿಕೊಳ್ಳಿ. ಸಾಲಿಯವರು ನೋಡುತ್ತಾರೆ ಅಂತ ಬಿಡಬೇಡಿ.

ಒಂದು ಮಾತು ಮಾತ್ರ ಒಪ್ಪುತ್ತೇನೆ. ನಮ್ಮ ಕಡೆ ಗುಳೆ ಹೋಗುವ ಮನೆಗಳು ಜಾಸ್ತಿ. ಮಕ್ಕಳೂ ಅಪ್ಪ ಅಮ್ಮನ ಜೊತೆ ತಿಂಗಳುಗಟ್ಟಲೆ ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸದ ಜಾಗದಲ್ಲಿರುತ್ತಾರೆ. ವಾಪಸ್ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡಬಹುದು. ಎಲ್ಲರಿಗೂ ಒಂದೇ ಪಾಠ ಆಗಿದ್ದರೆ ಅದು ಎಲ್ಲೋ ಮುಂದೆ ಹೋಗಿರುತ್ತಿತ್ತು, ಹುಡುಗ ಮೂಲೆಯಲ್ಲಿ ಕೂತು ಕೂತು ಸಾಲಿಯನ್ನೇ ಬಿಡುತ್ತಿದ್ದ.

ಹಳೇ ಮೇಷ್ಟ್ರು:

ಗುಳೆಯ ಮಾತು ಬಂತಲ್ಲ, ಈ ಪದ್ಧತಿಯ ಮೂಲವೇ ಅಲ್ಲಿದೆ. ಶುರುವಾಗಿದ್ದು 1995ರಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಕಾಡಂಚಿನ ಊರುಗಳು, ಹಾಡಿಗಳ (ಆದಿವಾಸಿ ಕೇರಿಗಳ) ಮಕ್ಕಳು, ಇವತ್ತು ಬಂದವರು ನಾಳೆ ಬರುತ್ತಾರೆ ಅನ್ನೋ ಹಾಗಿಲ್ಲ. ಒಬ್ಬರೇ ಮೇಷ್ಟ್ರು ಎರಡು ಮೂರು ಕ್ಲಾಸು ನೋಡಬೇಕು. ಯುನಿಸೆಫ್ ನೆರವಿನಲ್ಲಿ ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಗೆ ಹೋದರು. ಅದರ ಸುತ್ತಮುತ್ತಲಿನ ಪುಟ್ಟ ಹಳ್ಳಿ ಶಾಲೆಗಳಲ್ಲಿ ಕಾರ್ಡ್ ಹಿಡಿದು ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದು, ಕನ್ನಡಕ್ಕೆ ಹೊಂದುವ ಹಾಗೆ ತಾವೇ ಕೂತು ಮಾಡಿದರು. ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗೆ ಬಂದಿದ್ದು 2009-10ರಲ್ಲಿ. ನನ್ನ ಅನಿಸಿಕೆ ಕೇಳಿದರೆ, ಶಿಕ್ಷಕರೇ ಹುಡುಕಿಕೊಂಡು ಹೋಗಿ ತಂದಿದ್ದು ಸುತ್ತೋಲೆಯಾಗಿ ಬಂದಾಗ ಸ್ವಲ್ಪ ಸೊರಗಿತು. ಬಿಸಿಲೂರು ಅವರು ಹೇಳಿದ ಹರಿದ ಕಾರ್ಡ್ ನಾನೂ ನೋಡಿದ್ದೇನೆ.

ಪಕ್ಕದ ಮನೆ ಹುಡುಗನ ನೂರರ ವಿಷಯ. ಒಂದು ಹಿಡಿ ಹುಣಸೆ ಬೀಜ ಇಬ್ಬರ ಮುಂದೆಯೂ ಸುರಿಯಿರಿ. ಎಷ್ಟಿದೆ ಹೇಳಿ ಅನ್ನಿ. ನಲಿಕಲಿ ಮಕ್ಕಳಿಗೆ ಹತ್ತು ಹತ್ತು ಕಡ್ಡಿ ಸೇರಿಸಿ ಕಟ್ಟು ಮಾಡುವುದನ್ನು ಕಲಿಸುತ್ತಾರೆ. ಇಪ್ಪತ್ತಮೂರು ಅಂದರೆ ಎರಡು ಕಟ್ಟು, ಮೂರು ಬಿಡಿ ಕಡ್ಡಿ. ಒಂದನೇ ಕ್ಲಾಸಿನವಳಿಗೆ ಇನ್ನೂ ಅಲ್ಲಿಯವರೆಗೆ ಬಂದಿರಲಿಕ್ಕಿಲ್ಲ, ಬಂದಷ್ಟಕ್ಕೆ ಕೇಳಿ. 23 ದೊಡ್ಡದಾ 32 ದೊಡ್ಡದಾ ಅಂತ ಆ ಹುಡುಗನನ್ನು ಕೇಳಿ ನೋಡಿ, ಬಾಯಿಪಾಠ ಎಲ್ಲಿ ನಿಲ್ಲುತ್ತದೆ ಗೊತ್ತಾಗುತ್ತದೆ. ಪಾಪ ಅವನನ್ನು ಹಂಗಿಸಬೇಡಿ ಮತ್ತೆ!

ಪದಕೋಶ:

ಎಲ್ಲ ಸರಿ, ಆದರೆ ವರ್ಣಮಾಲೆಯ ಕ್ರಮವೂ ಬೇಕಲ್ವಾ? ನಮ್ಮ ಅಕ್ಷರಗಳ ಜೋಡಣೆಯಲ್ಲಿ ಒಂದು ಅಚ್ಚುಕಟ್ಟಿದೆ. ಕ ಇಂದ ಮ ವರೆಗೆ ಗಂಟಲಿನಿಂದ ಶುರುವಾಗಿ ತುಟಿಗೆ ಬಂದು ನಿಲ್ಲುತ್ತದೆ. ಹೈಸ್ಕೂಲಿಗೆ ಬಂದ ಮಕ್ಕಳಿಗೆ ನಿಘಂಟಿನಲ್ಲಿ ‘ದ’ ಮೊದಲೋ ‘ನ’ ಮೊದಲೋ ಗೊತ್ತಿಲ್ಲದೆ ಪುಟ ತಿರುವುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಬರೆಸುವುದು ಬೇಡ, ಹಾಡಿನ ಥರ ಹೇಳಿಕೊಡಲಿ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಮೊಮ್ಮಗಳು ಕೂತು ಅ ಆ ಇಂದ ಳ ವರೆಗೆ ಒಂದು ಸಲ ಹೇಳಿದರೆ ಕ್ರಮ ಕಿವಿಯಲ್ಲಿ ಉಳಿಯುತ್ತದೆ. ಅತ್ತೆಗೂ ಸಮಾಧಾನ, ನಿಮಗೂ ಗೊಣಗಾಟ ತಪ್ಪುತ್ತದೆ.

ಬಳಪ:

ಪದಕೋಶ ಅವರೇ, ಒಳ್ಳೇ ಉಪಾಯ. ಕ್ಲಾಸಿನಲ್ಲೂ ನಾವು ಹಾಗೇ ಹಾಡಿಸುತ್ತೇವೆ. ಬಿಸಿಲೂರು ಅವರ ಮಾತಿಗೆ ಜಗಳ ಆಡಲು ನನ್ನ ಹತ್ತಿರ ಏನೂ ಇಲ್ಲ, ಮೊಟ್ಟೆ ಲೆಕ್ಕ ಬರೆಯುವವಳೂ ನಾನೇ.

ಶರಾವತಿ ಹಿನ್ನೀರು:

ಎಲ್ಲರಿಗೂ ಥ್ಯಾಂಕ್ಸ್. ಅತ್ತೆಗೆ ಸ್ವರದ ಆಟ ಕೊಟ್ಟೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, ನಿಮ್ಮ ಕಾಲದ್ದೆಲ್ಲ ಹೀಗೇ ಅಂತ ಎದ್ದು ಹೋದರು. ಆದರೆ ಹಾಡಿನ ಐಡಿಯಾ ಒಪ್ಪಿದ್ದಾರೆ.

ನಿನ್ನೆ ಒಂದು ತಮಾಷೆ ಆಯಿತು. ಪೇಟೆಗೆ ಹೋಗಿದ್ದಾಗ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ‘ನಗರ’ ಬಸ್ಸು ಬಂತು, ನಮ್ಮ ಬಿದನೂರು ನಗರ. ಇವಳು ಬೋರ್ಡ್ ನೋಡಿ ‘ನ, ಗ, ರ, ನಗರ!’ ಅಂತ ಕಿರುಚಿದಳು. ಹಿಂದೆಯೇ ‘ಹೊಸನಗರ’ ಬೋರ್ಡಿನ ಇನ್ನೊಂದು ಬಸ್ಸು. ಮೊದಲನೇ ಅಕ್ಷರ ಗೊತ್ತಿಲ್ಲ, ಅದನ್ನು ಹಾರಿಸಿ ‘ಸನಗರ’ ಅಂತ ಓದಿದಳು. ಆಮೇಲೆ ನನ್ನ ಮುಖ ನೋಡಿ, ‘ಅಮ್ಮಾ ಇದು ನಮ್ಮ ಹೊಸನಗರಾನಾ?’ ಅಂತ ತಾನೇ ಕೂಡಿಸಿಕೊಂಡಳು. ಕಂಡಕ್ಟರ್ ನಕ್ಕಿದ್ದೇ ನಕ್ಕಿದ್ದು.

ಇನ್ನೊಂದು ಕೇಳಬೇಕು. ಅವಳು ಯಾವ ಮೆಟ್ಟಿಲಲ್ಲಿದ್ದಾಳೆ ಅಂತ ನಾವು ನೋಡಬಹುದಾ? ಟೀಚರ್ ಬೇಜಾರು ಮಾಡಿಕೊಳ್ಳುವುದಿಲ್ವಾ? ಮನೆಯಲ್ಲಿ ಏನು ಮಾಡಿಸಲಿ?

ಬಳಪ:

ಧಾರಾಳವಾಗಿ ನೋಡಬಹುದು ಮೇಡಂ. ‘ಪ್ರಗತಿ ನೋಟ’ ತೋರಿಸಿ ಅಂತ ಕೇಳಿ. ಪ್ರತಿ ಮಗುವಿನ ಹೆಸರಿನ ಮುಂದೆ ಯಾವ ಮೈಲಿಗಲ್ಲು, ಅಂದರೆ ಕಲಿಕೆಯ ಯಾವ ಹಂತ ಮುಗಿದಿದೆ ಅಂತ ಅದರಲ್ಲಿ ಗುರುತು ಇರುತ್ತದೆ. ಪಕ್ಕದ ಮಗುವಿನ ಸಾಲು ಮಾತ್ರ ನೋಡಬೇಡಿ, ಅಲ್ಲಿಂದಲೇ ಹೊಟ್ಟೆನೋವು ಶುರು. ತಲೆ ಎತ್ತಿ ಚಪ್ಪರವನ್ನೂ ನೋಡಿ, ದಾರ ಕಟ್ಟಿ ಮಕ್ಕಳ ಕೆಲಸವನ್ನೆಲ್ಲ ಅಲ್ಲಿ ನೇತು ಹಾಕಿರುತ್ತಾರೆ. ಗೋಡೆ ಬುಡದಲ್ಲಿ ಮಕ್ಕಳ ಎತ್ತರಕ್ಕೇ ಕಪ್ಪು ಹಲಗೆ ಇರುತ್ತದೆ, ಅವಳ ಜಾಗ ಯಾವುದು ಅಂತ ಅವಳನ್ನೇ ಕೇಳಿ, ತೋರಿಸುತ್ತಾಳೆ.

ಮನೆಯಲ್ಲಿ ತಿದ್ದಿಸುವುದು ಬೇಡ. ಅವಳಿಗೆ ಬಂದಿರುವ ಹತ್ತು ಅಕ್ಷರಗಳನ್ನು ಹಳೇ ಕ್ಯಾಲೆಂಡರಿನ ಹಿಂದೆ ದಪ್ಪಗೆ ಬರೆದು ಕತ್ತರಿಸಿ ಕೊಡಿ, ಒಂದೊಂದಕ್ಕೂ ಎರಡು ಚೀಟಿ ಇರಲಿ, ಇಲ್ಲದಿದ್ದರೆ ‘ಗರಗಸ’ ಜೋಡಿಸಲು ಆಗುವುದಿಲ್ಲ. ಅವಳು ಜೋಡಿಸಲಿ, ನೀವು ಓದಿ. ನೀವು ಜೋಡಿಸಿ, ಅವಳು ಓದಲಿ. ಶಾಲೆಗೆ ಹೋಗುವುದಾದರೆ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹೋಗಿ. ಊಟದ ಹೊತ್ತಿಗೆ ಮಾತ್ರ ಬೇಡ, ಸಾಂಬಾರಿನ ಸೌಟು ಕೈಯಲ್ಲಿ ಹಿಡಿದು ಯಾರಿಗೂ ಸರಿಯಾಗಿ ಉತ್ತರ ಕೊಡಲು ಆಗುವುದಿಲ್ಲ.