ಒಂದೇ ಬೆಂಚಿನ ಹುಡುಗನಿಗೆ ಅಮ್ಮ ಆಗಿದೆ, ಏನು ಮಾಡಲಿ?

ಪ್ರಶ್ನೆ (ಕುವೆಂಪುನಗರ, ಮೈಸೂರು): ಯುಕೆಜಿ ಮಗಳ ಪಕ್ಕ ಕೂರುವ ಹುಡುಗನಿಗೆ ಸೀತಾಳೆ ಸಿಡುಬು. ಸ್ಕೂಲಿನವರು ಬಾಯಿಬಿಟ್ಟಿಲ್ಲ, ವ್ಯಾನ್ ಡ್ರೈವರ್ ಹೇಳಿದ್ದು. ನಿನ್ನೆ ಇಬ್ಬರೂ ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ತಿಂದಿದ್ದಾರೆ. ಇವಳಿಗೆ ಆ ಲಸಿಕೆ ಹಾಕಿಸಿಲ್ಲ. ಬೆಳಗ್ಗೆಯಿಂದ ಅವಳ ಬೆನ್ನು ನೋಡ್ತಾನೇ ಇದ್ದೇನೆ. ಅತ್ತೆ ಆಗಲೇ ಬೇವಿನ ಸೊಪ್ಪು ತರಿಸಿದ್ದಾರೆ!

ಉತ್ತರ: ಈಗಲೇ ಬೆನ್ನು ನೋಡಿದ್ರೆ ಏನೂ ಕಾಣಲ್ಲ ಮೇಡಂ. ಗುಳ್ಳೆ ಏಳಲು 10ರಿಂದ 21 ದಿನ ಬೇಕು. ಲಸಿಕೆಗೆ ಇನ್ನೂ ಟೈಮಿದೆ. 3ರಿಂದ 5 ದಿನದೊಳಗೆ ಹಾಕಿಸಿದರೆ ತಡೆಯಬಹುದು, ಬಂದರೂ ಜೋರಾಗಿರಲ್ಲ. ಇವತ್ತೇ ಮಕ್ಕಳ ಡಾಕ್ಟರನ್ನು ಕೇಳಿ.

ಉತ್ತರ (ಮಂಡ್ಯ): ಬೇವು ಇರಲಿ ಬಿಡಿ, ಅತ್ತೆಗೂ ಸಮಾಧಾನ. ಜ್ವರ ಬಂದರೆ ಆಸ್ಪಿರಿನ್ ಮಾತ್ರ ಬೇಡ. ಮನೆಯಲ್ಲಿ ಬಸುರಿಯರು ಇದ್ದಾರಾ?

ಪ್ರಶ್ನೆ ಕೇಳಿದವರು: ನಾದಿನಿಗೆ ಏಳು ತಿಂಗಳು, ಇಲ್ಲೇ ಇದ್ದಾಳೆ.

ಉತ್ತರ (ಮಂಡ್ಯ): ಅವರಿಗೆ ಚಿಕ್ಕಂದಿನಲ್ಲಿ ಅಮ್ಮ ಆಗಿತ್ತಾ? ಇಲ್ಲ ಅಂದ್ರೆ ಅವರ ಡಾಕ್ಟರಿಗೂ ಈಗಲೇ ಫೋನ್ ಮಾಡಿ.