ಸಹಾಯ ಬೇಕು: ಬೆಳಗಾದರೆ ಕಾರು ಎಡಕ್ಕೆ ವಾಲಿರುತ್ತದೆ

ನಮಸ್ಕಾರ್ರೀ ಎಲ್ಲರಿಗೂ. ನಾನು ಹುಬ್ಬಳ್ಳಿ ವಿದ್ಯಾನಗರದವನು. ನನ್ನ ಹತ್ತಿರ 2003ರ ಒಂದು ದೊಡ್ಡ ಜರ್ಮನ್ ಕಾರಿದೆ, ಸೆಕೆಂಡ್ ಹ್ಯಾಂಡ್. ಏರ್ ಸಸ್ಪೆನ್ಷನ್ ಅಲ್ಲ, ಹೈಡ್ರಾಲಿಕ್. ಸುಮಾರು 200 ಬಾರ್ ಒತ್ತಡದ ಎಣ್ಣೆ ಮೇಲೆ ಇಡೀ ಗಾಡಿ ನಿಂತಿದೆ.

ರಾತ್ರಿ ಸರಿಯಾಗೇ ನಿಲ್ಲಿಸಿರುತ್ತೇನೆ. ಬೆಳಗ್ಗೆ ನೋಡಿದರೆ ಮುಂದಿನ ಎಡಮೂಲೆ ಮೂರು ಬೆರಳು ಕೆಳಗೆ. ಸ್ಟಾರ್ಟ್ ಮಾಡಿದರೆ ಎಮ್ಮೆ ಎದ್ದಹಾಗೆ ನಿಧಾನಕ್ಕೆ ಏಳುತ್ತದೆ. ನೆಲದ ಮೇಲೆ ಒಂದು ಹನಿ ಎಣ್ಣೆಯೂ ಇಲ್ಲ. ಆದರೆ ಡಬ್ಬಿಯಲ್ಲಿ ಎಣ್ಣೆ ರಾತ್ರಿಗಿಂತ ತುಸು ಜಾಸ್ತಿ ಕಾಣುತ್ತದೆ. ಅಂದರೆ ವಾಲ್ವ್ ಬ್ಲಾಕ್ (ಚಕ್ರಗಳ ಕಡೆಗೆ ಎಣ್ಣೆ ಬಿಡುವ, ತಡೆಯುವ ಭಾಗ) ಒಳಗೇ ಸೋರಿ ವಾಪಸ್ ಬರುತ್ತಿದೆ ಅಂತ ನನ್ನ ಲೆಕ್ಕ. ಸರಿನಾ?

ಜೊತೆಗೆ ಸಣ್ಣ ಗುಂಡಿಗೂ ದಡ್ ಅನ್ನುತ್ತದೆ. ಏಟು ಹೀರಿಕೊಳ್ಳುವ, ನೈಟ್ರೋಜನ್ ತುಂಬಿದ ಅಕ್ಯುಮುಲೇಟರ್ ಸತ್ತಿರಬಹುದು.

ಒಂದು ಗ್ಯಾರೇಜಿನವರು ಹಸಿರು ಸಿಎಚ್‌ಎಫ್ 11ಎಸ್ ಎಣ್ಣೆ ಇರಬೇಕಾದಲ್ಲಿ ಕೆಂಪು ಗೇರ್ ಎಣ್ಣೆ ಸುರಿಯಲು ಬಂದಿದ್ದರು. ಕೈ ಹಿಡಿದು ನಿಲ್ಲಿಸಿದೆ. ಇನ್ನೊಬ್ಬರು, "ಸುಮ್ನೆ ಸ್ಪ್ರಿಂಗ್ ಹಾಕಿಸ್ರೀ ಸರ" ಅಂದರು. ಅದು ನನಗೆ ಬೇಡ.

ಈ ಸಸ್ಪೆನ್ಷನ್ನಿನ ಒತ್ತಡ ಓದುವ ಸ್ಕ್ಯಾನರ್ ಧಾರವಾಡದಲ್ಲಾದರೂ ಯಾರ ಹತ್ತಿರ ಇದೆ? ವಾಲ್ವ್ ಬ್ಲಾಕ್ ಬಿಚ್ಚಿ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಬದಲಿಸಿದ ಅನುಭವ ಇರುವವರು ಹೇಳಿ. ಗೋಕುಲ ರಸ್ತೆ ಕಡೆ ಜೆಸಿಬಿ ಹೈಡ್ರಾಲಿಕ್ ಕೆಲಸ ಮಾಡುವವರು ಇದನ್ನು ಮುಟ್ಟುತ್ತಾರಾ? ಸ್ಟ್ಯಾಂಡ್ ಕೊಡದೆ ಕೆಳಗೆ ನುಗ್ಗುವವರು ಮಾತ್ರ ಬೇಡ್ರೀ, ಒತ್ತಡ ಇಳಿದರೆ ಗಾಡಿ ಮೈಮೇಲೇ ಕೂರುತ್ತದೆ.