ಅಪ್ಪ-ಅವ್ವನ ಜೋಡಿ ಯುರೋಪ್ ಟ್ರಿಪ್: ಇನ್ಶೂರೆನ್ಸ್ ಕೂಡಿ ಮಾಡ್ಸೋದೋ, ಬ್ಯಾರೆ ಬ್ಯಾರೆನೋ?

ವಿಜಯಪುರದಿಂದ ಕೇಳಾಕತ್ತೀನ್ರಿ. ಬ್ಯಾಸಿಗಿ ಸೂಟಿಗೆ ನಾನು, ನಮ್ಮನಿಯವ್ರು, ಇಬ್ರು ಮಕ್ಕಳು, ಅಪ್ಪ ಅವ್ವ ಎಲ್ಲಾರೂ ಸ್ವಿಟ್ಜರ್ಲೆಂಡ್, ಫ್ರಾನ್ಸ್ ಕಡೆ ಹೊಂಟೀವಿ. ಅಪ್ಪಗ ಎಪ್ಪತ್ತು ದಾಟ್ಯಾವ, ಶುಗರ್, ಬಿಪಿ ಎರಡೂ ಅದಾವ. ಏಜೆಂಟರು ಆರೂ ಮಂದಿಗೆ ಒಂದ ಫ್ಯಾಮಿಲಿ ಪಾಲಿಸಿ ತಗೋರಿ, ಸಸ್ತಾ ಬೀಳ್ತದ ಅಂತಾರ, ಆದ್ರ ನನಗ ಅಪ್ಪಂದ ಚಿಂತಿ. ಏನ್ ಮಾಡ್ಲಿ?

ಉತ್ತರ 1 (ಬಾಗಲಕೋಟಿ)
ಏಜೆಂಟರು ಹೇಳೋ ಫ್ಯಾಮಿಲಿ ಪಾಲಿಸಿ ಫ್ಲೋಟರ್ ಇದ್ರ, ಅಂದ್ರ ಒಂದ ಮೊತ್ತ ಎಲ್ಲಾರೂ ಹಂಚ್ಕೊಳ್ಳೋದ್ರಿ, ಒಬ್ಬರ ಆಸ್ಪತ್ರಿ ಬಿಲ್ಲಿಗೇ ಅರ್ಧ ಹೋತಂದ್ರ ಉಳಿದವ್ರಿಗೆ ಅಷ್ಟ ಕಮ್ಮಿ. ಷೆಂಗೆನ್ ವೀಸಾಕ್ಕ (ಸ್ವಿಟ್ಜರ್ಲೆಂಡ್, ಫ್ರಾನ್ಸ್ ಎರಡಕ್ಕೂ ನಡಿಯೋ ಯುರೋಪಿನ ವೀಸಾ) ಪ್ರತಿಯೊಬ್ಬರಿಗೂ ಕಮ್ಮಿ ಅಂದ್ರೂ 30,000 ಯೂರೋ ಮೆಡಿಕಲ್ ಕವರ್ ಇರಬೇಕು, ತುರ್ತು ಚಿಕಿತ್ಸಾ, ಊರಿಗೆ ವಾಪಸ್ ಕಳಿಸೋ ಖರ್ಚೂ ಅದ್ರಾಗ ಬರಬೇಕು. ನೀವಿಬ್ರು, ಮಕ್ಕಳು ಒಂದ್ರಾಗ ಇರ್ರಿ, ಹಿರಿಯರಿಗೆ ಬ್ಯಾರೆ ಮಾಡ್ಸ್ರಿ.

ಉತ್ತರ 2 (ಬೆಳಗಾವಿ)
ಮ್ಯಾಲಿನವ್ರು ಹೇಳಿದ್ದು ಖರೇ. ಭಾಳ ಫ್ಯಾಮಿಲಿ ಪಾಲಿಸಿಯೊಳಗ ವಯಸ್ಸಿನ ಮಿತಿ ಇರ್ತದ, ಪ್ರೀಮಿಯಮ್ಮೂ ಹಿರಿಯರ ವಯಸ್ಸು ನೋಡೇ ಏರ್ತದ, ಹಂಗಾಗಿ ಸಸ್ತಾ ಅನ್ನೋ ಮಾತು ಅಲ್ಲೇ ಬಿದ್ದಹೋಗ್ತದ. ಅಪ್ಪಾರ ಶುಗರ್, ಬಿಪಿ ಫಾರ್ಮಿನ್ಯಾಗ ಖಂಡಿತ ಬರೀರಿ, ಮುಚ್ಚಿಟ್ರ ಕ್ಲೇಮ್ ತಿರಸ್ಕಾರ ಆಗಬಹುದು. ಮೊದಲಿಂದ ಇದ್ದ ರೋಗಕ್ಕ ಕೆಲವು ಕಂಪನಿ ಜೀವಕ್ಕ ಅಪಾಯ ಇದ್ದಾಗ ಅಷ್ಟ ಕೊಡ್ತಾವ, ಕೆಲವು ಏನೂ ಕೊಡಂಗಿಲ್ಲ, ಆ ಸಾಲು ಏಜೆಂಟರ ಬಾಯಿಂದ ಕೇಳಬ್ಯಾಡ್ರಿ, ಪಾಲಿಸಿ ಕಾಗದದಾಗ ನೀವ ಓದ್ರಿ.

ಕೇಳಿದವ್ರು
ಭಾಳ ಉಪಕಾರ ಆತ್ರಿ. ಅಪ್ಪಗ, ಅವ್ವಗ ಒಬ್ಬೊಬ್ಬರಿಗೂ ಬ್ಯಾರೆ ಕೊಟೇಶನ್ ಕೇಳ್ತೀನಿ.

ಉತ್ತರ 3
ಔಷಧ ಚೀಟಿ ಹ್ಯಾಂಡ್ ಬ್ಯಾಗಿನ್ಯಾಗ ಇಟ್ಕೋರಿ, ಇನ್ಶೂರೆನ್ಸ್‌ದವ್ರ ತುರ್ತು ಫೋನ್ ನಂಬರ್ ಎಲ್ಲಾರ ಮೊಬೈಲ್‌ನ್ಯಾಗೂ ಇರ್ಲಿ.